ಬಳಕೆಯಲ್ಲಿಲ್ಲದ ಸಂಖ್ಯೆಗಳು

‘ಇಡು’ ಎಂಬ ಪದವನ್ನು ಆರಿಸಿದ್ದು ನಾನೇ. ಅದನ್ನು ಬೇರೆ ಯಾರ ತಲೆಗೂ ಕಟ್ಟುವ ಹಾಗಿಲ್ಲ. ‘ಹಾಕು’, ‘ಕೊಡು’, ‘ಬರೆ’, ‘ನಿಲ್ಲಿಸು’ ಎಂದು ಒಂದು ಹಾಳೆಯ ತುಂಬ ಬರೆದುಕೊಂಡು, ಎರಡು ವಾರ ಆ ಹಾಳೆಯನ್ನು ಬ್ಯಾಗಿನಲ್ಲಿಟ್ಟುಕೊಂಡು ಓಡಾಡಿ, ಕೊನೆಗೆ ‘ಇಡು’ ಚಿಕ್ಕದಾಗಿದೆ, ಯಾರಿಗೂ ಗೊಂದಲವಾಗುವುದಿಲ್ಲ ಎಂದು ತೀರ್ಮಾನಿಸಿದೆ. ಮೊದಲು ಬಾಗಿಲಿನ ಗುರುತು, ಆಮೇಲೆ ‘ಇಡು’, ಆಮೇಲೆ ಸಂಖ್ಯೆ. ಇಷ್ಟು ಟೈಪು ಮಾಡಿ ಕೀಲಿ ಒತ್ತಿದರೆ ಆ ಬಾಗಿಲಿಗೆ ಆ ಸಂಖ್ಯೆ ಬಂದು ಕೂರುತ್ತದೆ. ಕೂತ ಮೇಲೆ ಪರದೆಯ ಮೇಲೆ ಏನೂ ಬರುವುದಿಲ್ಲ. ಕೆಲಸ ಸರಿಯಾಗಿ ಆದಾಗ ಕಮಾಂಡು ಸುಮ್ಮನಿರಬೇಕು, ತಪ್ಪಾದಾಗ ಮಾತ್ರ ಬಾಯಿ ತೆರೆಯಬೇಕು ಎಂದು ಸಂಜೆ ತರಗತಿಯಲ್ಲಿ ನಮ್ಮ ಮೇಷ್ಟ್ರು ಹೇಳಿಕೊಟ್ಟಿದ್ದರು. ಆ ಮಾತು ನನಗೆ ಬಹಳ ಹಿಡಿಸಿತ್ತು. ನಾನೂ ಹಾಗೇ ಇದ್ದವಳು.

ನಮ್ಮೂರಿನಲ್ಲಿ ಸಂಖ್ಯೆ ಇಲ್ಲದ ಬಾಗಿಲಿಗೆ ಯಾರೂ ತಲುಪುವುದಿಲ್ಲ. ಸಂಖ್ಯೆಯನ್ನು ಗೋಡೆಯ ಮೇಲೆ ಬರೆಯುವ ಪದ್ಧತಿಯೂ ಇಲ್ಲ. ಹೋಗಬೇಕಾದವರು ಅದನ್ನು ಮನಸ್ಸಿನಲ್ಲಿ ಹೇಳಿಕೊಳ್ಳುತ್ತ ನಡೆಯುತ್ತಾರೆ, ಬೀದಿ ಅವರನ್ನು ಆ ಬಾಗಿಲಿಗೆ ತಂದು ನಿಲ್ಲಿಸುತ್ತದೆ. ಹಾಲು ಹಾಕುವವರು ನಲವತ್ತು ಸಂಖ್ಯೆಗಳನ್ನು ಬೆಳಗಿನ ಮಂತ್ರದ ಹಾಗೆ ಸಾಲಾಗಿ ಹೇಳುತ್ತ ಹೋಗುತ್ತಾರೆ. ನಡುವೆ ಯಾರಾದರೂ ಸೊಸೆಗೆ ಎಷ್ಟು ತಿಂಗಳಾಯಿತು ಎಂದು ಕೇಳಿಬಿಟ್ಟರೆ ಆ ದಿನ ಒಂದು ಮನೆಗೆ ಹಾಲಿಲ್ಲ, ಇನ್ನೊಂದಕ್ಕೆ ಎರಡು ಸಲ. ಒಂದು ವರ್ಷ ಒಂದೇ ಸಂಖ್ಯೆ ಎರಡು ಬಾಗಿಲಿಗೆ ಬಿದ್ದು, ನಿಶ್ಚಿತಾರ್ಥಕ್ಕೆ ಹೊರಟ ಅರ್ಧ ಜನ ಯಾರದೋ ತಿಥಿಯ ವಡೆ ತಿಂದು ಕೈತೊಳೆದ ಮೇಲೆ ಗಂಡು ಎಲ್ಲಿ ಎಂದು ಕೇಳಿದರಂತೆ. ಸಂಖ್ಯೆ ಹೇಳಿಕೊಂಡು ನಡೆಯುವವರನ್ನು ಕೂಗಬಾರದು, ಕೂಗಿದರೂ ಅವರಿಗೆ ಕೇಳಿಸುವುದಿಲ್ಲ. ಹಿಂದೆ ಓಡಿದರೆ ಮುಂದಿನ ತಿರುವಿನಲ್ಲಿ ಅವರ ದಾರಿಯೇ ಬೇರೆಯಾಗಿರುತ್ತದೆ. ಇನ್ನೊಬ್ಬರ ಸಂಖ್ಯೆಯನ್ನು ಅವರಾಗಿ ಹೇಳದೆ ಕೇಳುವುದು, ಕಿವಿಗೆ ಬಿದ್ದರೂ ನೆನಪಿಟ್ಟುಕೊಳ್ಳುವುದು ನಮ್ಮಲ್ಲಿ ಒಳ್ಳೆಯ ಲಕ್ಷಣವಲ್ಲ.

ನನಗೆ ಇಪ್ಪತ್ತೊಂಬತ್ತು ವರ್ಷವಾಗುವವರೆಗೆ ಸಂಖ್ಯೆಯೇ ಇರಲಿಲ್ಲ. ರಟ್ಟಿನ ಡಬ್ಬಿ ಮಾಡುವ ಕಾರ್ಖಾನೆಯ ಹಿಂದಿನ ಕೋಣೆಗಳಲ್ಲಿ ಬೆಳೆದವಳು ನಾನು. ಅಲ್ಲಿಯ ಬಾಗಿಲುಗಳಿಗೆ ಬೇರೆ ಬೇರೆ ಸಂಖ್ಯೆ ಕೊಟ್ಟಿರಲಿಲ್ಲ. ಕೆಲಸದವರೆಲ್ಲ ಕಾರ್ಖಾನೆಯ ಗೇಟಿನಿಂದಲೇ ಒಳಗೆ ಹೋಗಿ ಹೊರಗೆ ಬರುತ್ತಿದ್ದೆವು. ಅಮ್ಮ ತೀರಿಕೊಂಡ ಮೇಲೆ ಹಗಲು ಡಬ್ಬಿಗೆ ಅಂಟು ಹಚ್ಚಿ, ಸಂಜೆ ಆರರಿಂದ ಎಂಟರವರೆಗೆ ಗ್ರಂಥಾಲಯದ ಮಹಡಿಯಲ್ಲಿ ನಡೆಯುತ್ತಿದ್ದ ಕಂಪ್ಯೂಟರ್ ತರಗತಿಗೆ ಐದು ವರ್ಷ ಹೋದೆ. ಬೆರಳಿನ ಅಂಟು ಕೀಲಿಗಳಿಗೆ ಹತ್ತುತ್ತದೆಂದು ಬೈಸಿಕೊಂಡೆ. ಪ್ರಮಾಣಪತ್ರ ಕೈಗೆ ಬಂದಾಗಲೂ ಅದರಲ್ಲಿ ನನ್ನ ಹೆಸರಿರುವುದು ಕಣ್ತಪ್ಪಿನಿಂದಿರಬಹುದು ಅನ್ನಿಸಿತ್ತು. ಆಮೇಲೆ ವಿಳಾಸ ಕಚೇರಿಯಲ್ಲಿ ಕೆಲಸ ಸಿಕ್ಕಿತು, ಬಾಡಿಗೆಗೆ ಒಂದು ಕೋಣೆ ಸಿಕ್ಕಿತು, ಅದರ ಬಾಗಿಲಿಗೆ ನಾಲ್ಕಂಕಿಯ ಒಂದು ಸಂಖ್ಯೆಯೂ ಬಂತು. ಅದನ್ನು ಯಾರಿಗಾದರೂ ಹೇಳಬೇಕೆಂದುಕೊಂಡಿದ್ದೆ. ಯಾರೂ ಕೇಳಲಿಲ್ಲ, ಕೇಳದೆ ಹೇಳುವುದು ಹೇಗೆಂದು ನನಗೆ ತಿಳಿಯಲಿಲ್ಲ.

ಕಚೇರಿಯಲ್ಲಿ ನಾವು ಮೂವರು. ಮುಖ್ಯಸ್ಥರು ಗುರುಬಸಪ್ಪನವರು. ಸಂಖ್ಯೆಗಳನ್ನು ಬಾಗಿಲುಗಳಿಗೆ ಹಚ್ಚುವವರು ಜೈನಾಬಕ್ಕ. ಅವರು ಹಚ್ಚಲು ಬಳಸುವ ಕಮಾಂಡುಗಳನ್ನು ಬರೆಯುವವಳು ನಾನು. ಮೊದಲು ವೀರಭದ್ರಯ್ಯ ಎಂಬ ಗುಮಾಸ್ತರಿದ್ದರು. ಅವರ ಕಾಲದಲ್ಲಿ ಒಂದೊಂದು ಬಾಗಿಲಿಗೂ ಕಚೇರಿಯ ಗೋಡೆಯಲ್ಲಿ ಒಂದೊಂದು ಕೊಕ್ಕೆ ಇತ್ತಂತೆ, ಸಂಖ್ಯೆಯ ಹಿತ್ತಾಳೆ ಬಿಲ್ಲೆಯನ್ನು ಕೈಯಾರೆ ತೂಗುಹಾಕುತ್ತಿದ್ದರಂತೆ. ಅವರು ತೀರಿಕೊಂಡ ಮೇಲೆ ಅವರ ರಿಜಿಸ್ಟರನ್ನು ನೋಡಿಕೊಂಡು ಮೂರು ಸಾವಿರ ಚಿಲ್ಲರೆ ಬಾಗಿಲುಗಳನ್ನು ನಾನು ಯಂತ್ರಕ್ಕೆ ತುಂಬಿಸಿದೆ. ತುಂಬಿಸಿದ ಮೇಲೆ ನಿಯಮದಂತೆ ರಿಜಿಸ್ಟರು ಕಾಗದದ ಗಿರಣಿಗೆ ಹೋಯಿತು, ಬಿಲ್ಲೆಗಳು ಕರಗಿದವು.

ತುಂಬಿಸುವಾಗ ಒಂದು ಬಾಗಿಲ ಮುಂದೆ ಎರಡು ಸಂಖ್ಯೆ ಬರೆದಿತ್ತು. ಇದನ್ನು ಈಗ ಹೇಳಿಬಿಡುವುದು ಒಳ್ಳೆಯದು. ಅದು ವೀರಭದ್ರಯ್ಯನವರ ಕೈತಪ್ಪೇ, ಅಥವಾ ಬೇಕೆಂದೇ ಬರೆದದ್ದೇ ಎಂದು ಸಾಹೇಬರನ್ನು ಕೇಳಬೇಕೆಂದುಕೊಂಡೆ. ಇಷ್ಟೂ ಗೊತ್ತಿಲ್ಲವೇ ಎಂದಾರು ಎಂದು ಅಳುಕಿ ಕೇಳಲಿಲ್ಲ. ಎರಡನ್ನೂ ಹಾಗೆಯೇ ತುಂಬಿಸಿ ಮುಂದಕ್ಕೆ ಹೋದೆ. ಆಮೇಲೆ ‘ಇಡು’ ಬರೆಯುವಾಗ ಅದು ಮರೆತೇಹೋಗಿತ್ತು. ಒಂದು ಬಾಗಿಲಿಗೆ ಒಂದೇ ಸಂಖ್ಯೆ ಎಂದು ನಿಯಮವಿರುವಾಗ, ಹೊಸದನ್ನು ಇಟ್ಟಾಗ ಹಳೆಯದೇನಿದ್ದರೂ ಅಳಿಸಿಹೋಗುವುದೇ ಅಚ್ಚುಕಟ್ಟು ಎಂದುಕೊಂಡೆ. ಏನನ್ನು ಅಳಿಸಿದೆ ಎಂದು ಹೇಳುವ ಸಾಲನ್ನು ಮೊದಲು ಬರೆದಿದ್ದೆ. ಗಲಾಟೆ ಜಾಸ್ತಿ ಅನ್ನಿಸಿ ತೆಗೆದುಹಾಕಿದೆ.

ಆ ಮಂಗಳವಾರ ಬೆಳಿಗ್ಗೆ ಎಣ್ಣೆಗಾಣದ ಓಣಿಯ ಐವತ್ತೆಂಟು ಬಾಗಿಲುಗಳಿಗೆ ಹೊಸ ಸಂಖ್ಯೆ ಕೊಡುವುದಿತ್ತು. ರಸ್ತೆ ಅಗಲ ಮಾಡಿದಾಗ ಓಣಿ ಎರಡಾಗಿತ್ತು. ಮನೆಮನೆಗೂ ಚೀಟಿ ಹೋಗಿತ್ತು. ಜೈನಾಬಕ್ಕ ಎಲೆಅಡಿಕೆ ಹಾಕಿಕೊಂಡು ಕೂತು ಐವತ್ತೆಂಟು ಸಲ ‘ಇಡು’ ಒತ್ತಿದರು. ಪರದೆ ಐವತ್ತೆಂಟು ಸಲವೂ ಸುಮ್ಮನಿತ್ತು. “ಎಷ್ಟು ಸಾಧು ನೋಡು ನಿನ್ನ ಕಮಾಂಡು, ನಮ್ಮ ದೊಡ್ಡ ಅಳಿಯನ ಹಾಗೆ” ಎಂದರು. ನನಗೆ ಒಳಗೊಳಗೇ ಸಂತೋಷವಾಯಿತು.

ಬುಧವಾರ ಕಚೇರಿ ತೆರೆಯುವ ಮೊದಲೇ ಅರವತ್ತೈದು ದಾಟಿದ ಒಬ್ಬ ಹೆಂಗಸು ಮೆಟ್ಟಿಲ ಮೇಲೆ ಕೂತಿದ್ದರು. ಸೀರೆಯ ತುಂಬ ಹಿಟ್ಟು. ಹೆಸರು ದ್ಯಾಮಕ್ಕ, ಎಣ್ಣೆಗಾಣದ ಓಣಿಯಲ್ಲಿ ಶಾವಿಗೆ ಹೊಸೆದು ಮಾರುವವರು.

“ನಂಬರು ನೋಡ್ಕೊಳ್ಳೋರು ಯಾರವ್ವ ಇಲ್ಲಿ?”

“ಒತ್ತೋಳು ನಾನು, ಮಾಡ್ದೋಳು ಇವಳು. ಏನಾಯ್ತು ಹೇಳಿ” ಎಂದರು ಜೈನಾಬಕ್ಕ.

“ನಮ್ಮೋರು ನಿನ್ನೆ ಸಂಜೆ ಮನೆಗೆ ಬರ್ಲಿಲ್ಲ.”

ದ್ಯಾಮಕ್ಕನ ಗಂಡ ತಮ್ಮಣ್ಣ ಮದುವೆಯ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಿದ್ದವರಂತೆ. ಈಗ ಎಪ್ಪತ್ತಮೂರು. ದಿನವೂ ನಾಲ್ಕು ಗಂಟೆಗೆ ಕೋಲು ಹಿಡಿದು ಹೊರಡುತ್ತಾರೆ, ದೀಪ ಹಚ್ಚುವ ಹೊತ್ತಿಗೆ ಬರುತ್ತಾರೆ.

“ಹೊಸ ನಂಬರು ಅವರಿಗೆ ಹೇಳಿಕೊಟ್ಟಿರಾ?” ಎಂದು ಕೇಳಿದೆ.

“ಹೊಸದಿರ್ಲಿ, ನಮ್ಮನೆ ಹಳೇ ನಂಬರೇ ಅವರ ತಲೇಲಿ ನಿಲ್ಲಲ್ಲ ಕಣವ್ವ. ನಲವತ್ತು ವರ್ಷ ಬಾಳಿದ ಮನೆ, ಅದೇ ಅಳಿಸಿಹೋಗ್ಯದೆ. ಒಂದೊಂದಿನ ನನ್ನನ್ನೇ ಯಾರಮ್ಮ ನೀನು ಅಂತಾರೆ. ಹುಟ್ಟಿದ ಮನೆ ನಂಬರೊಂದು ಉಳ್ಕೊಂಡದೆ. ಆ ಮನೆ ನೀರಿನ ಟ್ಯಾಂಕು ಕಟ್ಟುವಾಗ್ಲೇ ಬಿದ್ದೋಯ್ತು. ಮೂರು ವರ್ಷದ ಹಿಂದೆ ಅದನ್ನೇ ಹೇಳ್ಕಂಡು ಎರಡು ದಿನ ಸುತ್ತಿ ಸುತ್ತಿ, ಸುಸ್ತಾಗಿ ಬಾವಿಕಟ್ಟೆ ಹತ್ರ ಬಿದ್ದಿದ್ರು. ಆಗ ನಿಮ್ಮ ವೀರಭದ್ರಯ್ಯನೋರು, ಪುಣ್ಯಾತ್ಮ, ಆ ನಂಬರನ್ನೂ ನಮ್ಮ ಬಾಗಿಲಿಗೇ ತೂಗಾಕಿದ್ರು. ಅವರು ಅವರ ಅವ್ವನ ಮನೆಗೆ ಅಂತ ಬರೋರು, ನಮ್ಮನೆಗೆ ಬಂದು ಸೇರೋರು. ಒಂದಿನ ತಪ್ಪಿರ್ಲಿಲ್ಲ.”

ಆ ಬಾಗಿಲ ಗುರುತು ಹಾಕಿ ‘ತೋರಿಸು’ ಎಂದು ಒತ್ತಿದೆ. ಒಂದೇ ಸಂಖ್ಯೆ ಬಂತು, ಮಂಗಳವಾರ ಇಟ್ಟದ್ದು. ರಿಜಿಸ್ಟರಿನ ಆ ಎರಡು ಸಾಲುಗಳು ಕಣ್ಣಮುಂದೆ ಬಂದವು. ಮೇಲಿನದು ನೀಲಿ ಶಾಯಿ, ಕೆಳಗಿನದು ಪೆನ್ಸಿಲು. ಶಾಯಿ ನೆನಪಿತ್ತು, ಅಂಕಿ ನೆನಪಿರಲಿಲ್ಲ.

“ಆ ನಂಬರು ಎಷ್ಟು ಅಮ್ಮ?”

“ನನಗೆಂಗೆ ಗೊತ್ತಾಗ್ಬೇಕು? ಅದು ಅವರದ್ದು. ಗೊಣಗೋದು ಕೇಳ್ಸಿದ್ರೂ ನಾನು ಕಿವಿಗಾಕ್ಕೊಂಡಿಲ್ಲ.” ಆಮೇಲೆ ತಪ್ಪು ಒಪ್ಪಿಕೊಳ್ಳುವವರ ಹಾಗೆ, “ಕೊನೇಲಿ ಏಳು ಇತ್ತೇನೋ. ತುಟಿ ನೋಡಿದ್ದೆ” ಎಂದರು. ನಿನ್ನೆ ಸಂಜೆ ಐಸ್‌ಕ್ಯಾಂಡಿಯವನು ತಮ್ಮಣ್ಣನವರನ್ನು ಟ್ಯಾಂಕಿನ ಬಳಿ ಎರಡು ಸಲ ಕಂಡನಂತೆ. ಇವತ್ತು ಬೆಳಿಗ್ಗೆ ಹೂ ಮಾರುವವಳು ಕಂಡಳಂತೆ, ಕೋಲು ಇರಲಿಲ್ಲವಂತೆ.

ಅದು ನನ್ನ ತಪ್ಪೆಂದು ದ್ಯಾಮಕ್ಕನಿಗೆ ಹೇಳಿದೆ. ಯಂತ್ರದ ಮಾತು ಅವರಿಗೆ ಎಷ್ಟು ಅರ್ಥವಾಯಿತೋ ತಿಳಿಯದು. “ಬೇಕಂತ ಮಾಡಿದ್ಯೇನವ್ವ” ಎಂದರು. “ಇಲ್ಲ” ಎಂದೆ. “ಹಂಗಾದ್ರೆ ಈಗ ಸರಿ ಮಾಡು” ಎಂದರು.

ಗುರುಬಸಪ್ಪನವರಿಗೂ ಎಲ್ಲವನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು. “ನಿಮ್ಮ ಕಮಾಂಡು ಸರಿಯಾಗೇ ಇದೆ, ಇಂದುಮತಿ. ವೀರಭದ್ರಯ್ಯ ಮಾಡಿದ್ದು ತಪ್ಪು. ಒಂದು ಬಾಗಿಲಿಗೆ ಒಂದು ಸಂಖ್ಯೆ.”

“ಆ ಮುದುಕರು ನಿನ್ನೆಯಿಂದ ನಡೀತಾ ಇದ್ದಾರೆ, ಸರ್.”

“ಪೊಲೀಸರಿಗೆ ಹೇಳೋಣ. ಸತ್ತ ಸಂಖ್ಯೆಗಳನ್ನ ಬಾಗಿಲಿಗೆ ಹಚ್ಚೋದು ಆಗಲ್ಲ. ಇವತ್ತು ಒಬ್ಬರಿಗೆ ಮಾಡಿದ್ರೆ ನಾಳೆ ಇಡೀ ಊರೇ ಬಂದು ನಿಲ್ಲುತ್ತೆ.” ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ನಾನು ಬಹುಶಃ ಅಳುತ್ತ ಸುಮ್ಮನಾಗುತ್ತಿದ್ದೆ. ನನ್ನ ಕಮಾಂಡು ಸರಿಯಾಗಿದೆ ಎಂದರಲ್ಲ, ಅದನ್ನು ತಡೆದುಕೊಳ್ಳಲಾಗಲಿಲ್ಲ.

ಜಾಗಕ್ಕೆ ಬಂದು ಕೂತು ‘ಸೇರಿಸು’ ಎಂಬ ಹೊಸ ಕಮಾಂಡು ಬರೆಯತೊಡಗಿದೆ. ಇರುವುದನ್ನು ಮುಟ್ಟದೆ, ಅದರ ಪಕ್ಕದಲ್ಲಿ ಇನ್ನೊಂದನ್ನು ಕೂರಿಸಬೇಕು. ಕೂರಿಸಿದ್ದನ್ನು ಬಾಯಿಬಿಟ್ಟು ಹೇಳಬೇಕು. ಬೇರೊಂದು ಬಾಗಿಲಿನಲ್ಲಿ ಆ ಸಂಖ್ಯೆ ಇದ್ದರೆ ಆಗುವುದಿಲ್ಲ ಎನ್ನಬೇಕು. ಮೂವತ್ತು ಸಾಲಿನ ಕೆಲಸ. ಮಾಡಿ, ಅನುಮಾನ ಬಂದು ಅಳಿಸಿ, ಮತ್ತೆ ಮಾಡಿದೆ. ಮೊದಲು ನನ್ನ ಬಾಗಿಲಿನ ಮೇಲೆ ಮೂರು ಸಲ ಪ್ರಯೋಗ ಮಾಡಿದೆ. ನನ್ನ ಬಾಗಿಲಿಗೆ ಏನಾದರೂ ಆದರೆ ಯಾರಿಗೂ ತೊಂದರೆಯಿರಲಿಲ್ಲ.

ಯಾವ ಬಾಗಿಲಿಗೂ ಸೇರದೆ ನಡುವೆ ಉಳಿದ, ಬಳಕೆಯಲ್ಲಿಲ್ಲದ ಸಂಖ್ಯೆಗಳನ್ನು ಪಟ್ಟಿ ಮಾಡಿದಾಗ ನಾನ್ನೂರ ಹದಿನೇಳು ಇದ್ದವು. ಬಿದ್ದುಹೋದ ಮನೆಗಳು, ಒಂದಾದ ಮನೆಗಳು, ಕೆರೆಯ ಕೆಳಗೆ ಹೋದ ಒಂದು ಇಡೀ ಸಾಲು, ಈಗ ಎಣ್ಣೆಗಾಣದ ಓಣಿಯ ಹಳೆಯವು. ಒಂದೊಂದನ್ನೇ ಹಚ್ಚಿ ಕಾಲು ಗಂಟೆ ಕಾದರೂ ನಾಲ್ಕು ದಿನದ ಮೇಲಾಗುತ್ತದೆ. ಅಷ್ಟು ದಿನ ಆ ಮುದುಕರು ಉಳಿಯುವುದಿಲ್ಲ, ಒಟ್ಟಿಗೇ ಹಚ್ಚಬೇಕಿತ್ತು.

“ನಾನು ಏನೂ ನೋಡಿಲ್ಲಪ್ಪ. ಪೆಟ್ಟಿಗೆ ತಗೊಂಡು ಹೋಗು. ಸಾಹೇಬ್ರು ಕೇಳಿದ್ರೆ ನಿನಗೆ ಹೊಟ್ಟೆನೋವು ಅಂತೀನಿ. ನಿನ್ನ ಮುಖ ನೋಡಿದ್ರೆ ಯಾರಾದ್ರೂ ನಂಬ್ತಾರೆ” ಎಂದರು ಜೈನಾಬಕ್ಕ.

ಕಚೇರಿಯ ಲ್ಯಾಪ್‌ಟಾಪನ್ನು ಚೀಲದಲ್ಲಿಟ್ಟುಕೊಂಡು ದ್ಯಾಮಕ್ಕನ ಹಿಂದೆ ಹೊರಟೆ. ಅವರು ತಮ್ಮ ಹೊಸ ಸಂಖ್ಯೆಯನ್ನು ನನಗೆ ಹೇಳಿದರು. ನಾನು ಹೇಗೂ ಪರದೆಯ ಮೇಲೆ ನೋಡಿದ್ದೆ, ಆದರೂ ಒಬ್ಬರು ತಾವಾಗಿ ತಮ್ಮ ಸಂಖ್ಯೆ ಹೇಳಿದ್ದು ನನಗೆ ಅದೇ ಮೊದಲು.

ಮನೆಯೆಂದರೆ ಮುಂದೊಂದು ಉದ್ದನೆಯ ಪಡಸಾಲೆ, ಹಿಂದೊಂದು ಕೋಣೆ. ಪಡಸಾಲೆಯ ತುಂಬ ಮಂಚಗಳ ಮೇಲೆ, ಹಗ್ಗಗಳ ಮೇಲೆ ಶಾವಿಗೆ ಒಣಗುತ್ತಿತ್ತು. ಮೂಲೆಯ ಗೂಟದಲ್ಲಿ ಚರ್ಮದ ಪೆಟ್ಟಿಗೆಯೊಂದು ನೇತಾಡುತ್ತಿತ್ತು, ಕ್ಲಾರಿನೆಟ್ಟಿನದಿರಬೇಕು. ಬಾಗಿಲನ್ನು ಪೂರ್ತಿ ತೆರೆದಿಟ್ಟೆವು. ಮೊದಲು ಏಳರಲ್ಲಿ ಮುಗಿಯುವ ಸಂಖ್ಯೆಗಳನ್ನಷ್ಟೇ ಸೇರಿಸಿದೆ. ನಲವತ್ತೊಂದು ಇದ್ದವು. ‘ಸೇರಿದೆ’ ಎಂದು ನಲವತ್ತೊಂದು ಸಲ ಬಂತು. ಗಂಟೆ ಮೂರಾಗಿತ್ತು. ಇಬ್ಬರೂ ಬೀದಿಯನ್ನೇ ನೋಡುತ್ತ ಕೂತೆವು.

ಸುಮಾರು ಅರ್ಧ ಗಂಟೆಯ ಮೇಲೆ ಬೀದಿಯ ತಿರುವಿನಿಂದ ಒಬ್ಬರು ಬಂದು ಬಾಗಿಲಲ್ಲಿ ನಿಂತರು. ನಲವತ್ತರ ಆಸುಪಾಸಿನ ಹೆಂಗಸು, ಕೈಯಲ್ಲಿ ಟಿಫಿನ್ ಡಬ್ಬಿ. ಒಳಗೆ ಕಾಲಿಡಲು ಹೋಗಿ, ಶಾವಿಗೆ ಕಂಡು, ನಮ್ಮನ್ನು ಕಂಡು ತಡೆದರು. ಅವರ ಮುಖ ಅರಳಿ ಹಾಗೇ ಮುಚ್ಚಿಕೊಂಡದ್ದನ್ನು ನೋಡಿದೆ.

“ಇದು ನಮ್ಮತ್ತೆ ಮನೆ ಅಲ್ಲ” ಎಂದರು.

“ಅಲ್ಲಮ್ಮ.”

“ಅವರು ಹೋಗಿ ಹನ್ನೊಂದು ವರ್ಷ ಆಯ್ತು. ಮನೇನೂ ಇಲ್ಲ. ನಾನು ಸುಮ್ನೆ ವಾಕಿಂಗ್ ಬರ್ತೀನಿ.” ಅಷ್ಟು ಹೇಳಿ, ಎಲ್ಲಿಗೆ ಹೋಗುವುದೆಂದು ತಿಳಿಯದೆ ನಿಂತೇ ಇದ್ದರು. ದ್ಯಾಮಕ್ಕ ಒಂದು ಮಂಚದ ಶಾವಿಗೆ ಸರಿಸಿ ಜಾಗ ಮಾಡಿಕೊಟ್ಟರು.

ತಮ್ಮಣ್ಣನವರು ಬರಲಿಲ್ಲ. ನಾಲ್ಕೂಕಾಲಿಗೆ ಉಳಿದ ಸಂಖ್ಯೆಗಳನ್ನೂ ಸೇರಿಸಿದೆ. ಕೀಲಿ ಒತ್ತುವ ಮುಂಚೆ ನಾಳೆಯಿಂದ ಕೆಲಸವಿರುವುದಿಲ್ಲ ಎಂದು ಯೋಚಿಸಿದ್ದೂ ನಿಜ. ಆ ಯೋಚನೆಯಲ್ಲಿ ಎರಡು ನಿಮಿಷ ಕಳೆದೆ. ಆ ಎರಡು ನಿಮಿಷಕ್ಕೆ ನನಗೆ ಈಗಲೂ ನಾಚಿಕೆಯಾಗುತ್ತದೆ.

ನಮ್ಮೂರಿನಲ್ಲಿ ಸಂಜೆ ವಾಕಿಂಗ್ ಹೋಗುವವರು ಬಹಳ. ಒಬ್ಬೊಬ್ಬರೇ ಹೋಗುತ್ತಾರೆ, ತುಟಿ ಅಲ್ಲಾಡುತ್ತಿರುತ್ತದೆ, ಆರೋಗ್ಯಕ್ಕೆ ಒಳ್ಳೆಯದು ಎನ್ನುತ್ತಾರೆ. ಅವರು ಯಾವ ಸಂಖ್ಯೆ ಹೇಳಿಕೊಂಡು ನಡೆಯುತ್ತಾರೆ ಎಂದು ನಾನು ಯೋಚಿಸಿರಲಿಲ್ಲ. ಐದು ಗಂಟೆಯಿಂದ ಅವರು ಬರತೊಡಗಿದರು. ಚಪ್ಪಲಿ ಅಂಗಡಿಯ ಮಾಲೀಕರು ಬಂದರು. ಲಾರಿ ಚಾಲಕನೊಬ್ಬ ಬಂದ. ಅಣ್ಣ ತಂಗಿ ಇಬ್ಬರು ಬಂದರು, ಬೇರೆ ಬೇರೆ ತಿರುವುಗಳಿಂದ, ಒಬ್ಬರು ಬರುವುದು ಇನ್ನೊಬ್ಬರಿಗೆ ಗೊತ್ತಿಲ್ಲದೆ. ಎದುರಾದಾಗ “ನೀನೂನಾ” ಎಂದಷ್ಟೇ ತಂಗಿ ಕೇಳಿದಳು. ನಿವೃತ್ತ ಅಂಚೆಯವರೊಬ್ಬರು ಸೇವೆಯಲ್ಲಿದ್ದಾಗ ತಲುಪಿಸಲಾಗದೆ ಉಳಿದ ಒಂದು ಪತ್ರ ಹಿಡಿದು ಬಂದರು. ಪ್ರತಿಯೊಬ್ಬರೂ ಹೊಸ್ತಿಲಲ್ಲಿ ಒಂದು ಕ್ಷಣ ನಂಬಿದರು. ಆಮೇಲೆ ಹಗ್ಗದ ಮೇಲಿನ ಶಾವಿಗೆ, ದ್ಯಾಮಕ್ಕ, ಲ್ಯಾಪ್‌ಟಾಪಿನ ಮುಂದೆ ಕೂತ ನಾನು. ನಾನ್ನೂರ ಹದಿನೇಳು ಸಲ ಕ್ಷಮೆ ಕೇಳಬೇಕಾಗುತ್ತದೆ ಎಂದುಕೊಂಡಿದ್ದೆ. ಆದರೆ ಯಾರೂ ಜಗಳವಾಡಲಿಲ್ಲ. ಕೆಲವರು ಹಾಗೇ ತಿರುಗಿ ಹೋದರು. ಉಳಿದವರು ಗೋಡೆಗೆ ಒರಗಿ ಕೂತರು. ಒಬ್ಬರ ಪಕ್ಕ ಒಬ್ಬರು ಕೂತಿದ್ದರೂ ಎಲ್ಲರೂ ಒಂಟಿಯಾಗಿದ್ದರು, ಬಸ್ ನಿಲ್ದಾಣದಲ್ಲಿ ಕೂತ ಹಾಗೆ.

“ಶಾವಿಗೆ ಮೇಲೆ ಕೂರ್ಬೇಡ್ರಪ್ಪ” ಎನ್ನುತ್ತಿದ್ದರು ದ್ಯಾಮಕ್ಕ. ಪ್ರತಿ ನೆರಳು ಬಿದ್ದಾಗಲೂ ಎದ್ದು ನಿಂತು, ಅವರಲ್ಲವೆಂದು ಕಂಡು ಕೂರುತ್ತಿದ್ದರು. ಹೀಗೆ ಎಷ್ಟು ಸಲ ಎದ್ದರೋ. ಆರು ಗಂಟೆಯ ಹೊತ್ತಿಗೆ ಏಳುವುದನ್ನು ಬಿಟ್ಟರು. “ನಂಬರು ಮರ್ತುಬಿಟ್ರೇನೋ” ಎಂದರು ಮೆಲ್ಲಗೆ. ಅದಕ್ಕೆ ನನ್ನ ಬಳಿ ಕಮಾಂಡು ಇರಲಿಲ್ಲ.

ಆಗಲೇ ಗುರುಬಸಪ್ಪನವರು ಬಾಗಿಲಲ್ಲಿ ನಿಂತರು.

ಜೈನಾಬಕ್ಕ ಹೇಳಿಬಿಟ್ಟಿದ್ದಾರೆ, ಇವರು ನನ್ನನ್ನು ಹಿಡಿಯಲು ಬಂದಿದ್ದಾರೆ ಎಂದುಕೊಂಡೆ. ಎದ್ದು ನಿಂತೆ. ಆದರೆ ಅವರ ಕೈಯಲ್ಲಿ ಎಣ್ಣೆ ಹೀರಿದ ಕಾಗದದ ಪೊಟ್ಟಣವಿತ್ತು, ಬಿಸಿ ಬಜ್ಜಿಯ ವಾಸನೆ ಬರುತ್ತಿತ್ತು. ಕಣ್ಣು ನನ್ನ ಮೇಲಿರಲಿಲ್ಲ, ಒಳಗೆ ಯಾರನ್ನೋ ಹುಡುಕುತ್ತಿತ್ತು. ಆಮೇಲೆ ನಾನು ಕಂಡೆ, ಲ್ಯಾಪ್‌ಟಾಪ್ ಕಂಡಿತು, ಕೂತವರು ಕಂಡರು.

“ಎಲ್ಲವನ್ನೂ ಹಚ್ಚಿಬಿಟ್ಟಿದ್ದೀರಾ?”

“ಹೌದು ಸರ್. ಕ್ಷಮಿಸಿ.”

“ಬಂದರಾ ಅವರು?”

“ಇನ್ನೂ ಇಲ್ಲ.”

ಪೊಟ್ಟಣವನ್ನು ಎಲ್ಲಿಡುವುದೆಂದು ತಿಳಿಯದೆ ಕೈ ಬದಲಿಸಿದರು. ಕೊನೆಗೆ ಅಂಚೆಯವರ ಪಕ್ಕ ಕೂತು, ಬಿಚ್ಚಿ ಎಲ್ಲರ ಮುಂದೆ ಹಿಡಿದರು. ಯಾರ ಸಂಖ್ಯೆಯೆಂದು ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ.

ದ್ಯಾಮಕ್ಕ ದೀಪ ಹಚ್ಚಲು ಒಳಗೆ ಹೋಗಿದ್ದಾಗ ತಮ್ಮಣ್ಣನವರು ಬಂದರು. ಗೋಡೆ ಹಿಡಿದುಕೊಂಡು ಒಂದೊಂದೇ ಹೆಜ್ಜೆ ಇಡುತ್ತ ಬಂದರು. ತುಟಿ ಒಡೆದಿತ್ತು, ಒಂದು ಕಾಲಿನಲ್ಲಿ ಚಪ್ಪಲಿ ಇರಲಿಲ್ಲ. ಹೊಸ್ತಿಲಲ್ಲಿ ಉಳಿದವರ ಹಾಗೆ ತಡೆಯಲಿಲ್ಲ. ಇಷ್ಟು ಜನ ಯಾಕೆ ಕೂತಿದ್ದಾರೆ ಎಂದೂ ನೋಡಲಿಲ್ಲ. ಹಗ್ಗದ ಕೆಳಗೆ ಅಭ್ಯಾಸದಿಂದ ತಲೆ ಬಗ್ಗಿಸಿ ದಾಟಿ, “ಅವ್ವ, ನೀರು” ಎಂದರು.

ದ್ಯಾಮಕ್ಕ ಕೈಯಲ್ಲಿ ಕಡ್ಡಿ ಉರಿಯುತ್ತಿದ್ದಂತೆಯೇ ಈಚೆ ಬಂದರು. ಅಳಲಿಲ್ಲ. “ಅವ್ವ ಒಳಗವ್ಳೆ. ಮೊದ್ಲು ಕೂತ್ಕಳಿ, ತರ್ತೀನಿ” ಎಂದು ಅವರನ್ನು ಕೂರಿಸಿ, ಲೋಟವನ್ನು ತಾವೇ ಹಿಡಿದು ಗುಟುಕು ಗುಟುಕಾಗಿ ಕುಡಿಸಿದರು. ಕಡ್ಡಿ ಬೆರಳು ಸುಟ್ಟದ್ದು ಆಮೇಲೆ ಗೊತ್ತಾಯಿತು.

ಸ್ವಲ್ಪ ಸುಧಾರಿಸಿಕೊಂಡ ಮೇಲೆ ನಾನು ಅವರ ಮುಂದೆ ಕೂತು ಕೇಳಿದೆ. “ತಾತ, ಯಾವ ನಂಬರು ಹಿಡಿದು ಬಂದ್ರಿ?” ಪಡಸಾಲೆಯಲ್ಲಿದ್ದವರೆಲ್ಲ ಮುಖ ತಿರುಗಿಸಿಕೊಂಡರು. ತಮ್ಮಣ್ಣನವರು ನನ್ನನ್ನು ಅನುಮಾನದಿಂದ ನೋಡಿದರು.

“ಯಾಕೆ, ನೀನೂ ಬರ್ತೀಯಾ?”

“ಬರ್ತೀನಿ.”

“ಅವ್ವ ಬೈತಾಳೆ, ಊಟದ ಹೊತ್ತಿಗೆ ಬರ್ಬೇಡ” ಎಂದು, ನನ್ನ ಕಿವಿಯ ಹತ್ತಿರ ಬಗ್ಗಿ ಹೇಳಿದರು. ಕೊನೆಯಲ್ಲಿ ಏಳು ಇರಲಿಲ್ಲ, ನಡುವೆ ಇತ್ತು. ಅದನ್ನು ಆ ಬಾಗಿಲಿಗೆ ಗಟ್ಟಿ ಮಾಡಿ, ‘ತೋರಿಸು’ ಎಂದು ಐದಾರು ಸಲ ಒತ್ತಿ ನೋಡಿದೆ.

ಗುರುಬಸಪ್ಪನವರು ಹೊರಡುವಾಗ ಹತ್ತಿರ ಬಂದರು. “ನಾಳೆ ಹತ್ತು ಗಂಟೆಯೊಳಗೆ ಇವರ ಎರಡು ಬಿಟ್ಟು ಮಿಕ್ಕಿದ್ದೆಲ್ಲ ತೆಗೀರಿ. ಪಾಪ, ಆ ಹೆಂಗಸು ಎಷ್ಟು ಜನಕ್ಕೆ ಅಂತ ಬಾಗಿಲು ತೆರೀಬೇಕು?”

“ನಿಮ್ಮದೂ ತೆಗೀಲಾ ಸರ್?” ಕೇಳಬಾರದಿತ್ತು, ಕೇಳಿಬಿಟ್ಟೆ.

“ಅದೂ ಪಟ್ಟಿಯಲ್ಲಿದೆ ಅಲ್ವಾ” ಎಂದರು.

ಗುರುವಾರ ಬೆಳಿಗ್ಗೆ ಮೊದಲು ‘ಇಡು’ವನ್ನು ಸರಿಮಾಡಿದೆ. ಈಗ ಅದು ಹಳೆಯದೇನಾದರೂ ಇದ್ದರೆ ನಿಂತು, ಇದು ಇದೆ, ತೆಗೆಯಲೇ, ಜೊತೆಗಿಡಲೇ ಎಂದು ಕೇಳುತ್ತದೆ. “ನಿನ್ನ ಸಾಧು ಅಳಿಯನಿಗೆ ಬಾಯಿ ಬಂತಲ್ಲ” ಎಂದರು ಜೈನಾಬಕ್ಕ. ಆಮೇಲೆ ದ್ಯಾಮಕ್ಕನ ಬಾಗಿಲಿನಿಂದ ನಾನ್ನೂರ ಹದಿನಾರು ಸಂಖ್ಯೆಗಳನ್ನು ತೆಗೆಯಲು ಕೂತೆ. ಒಟ್ಟಿಗೇ ತೆಗೆಯಬಹುದಿತ್ತು. ನಾನು ಒಂದೊಂದನ್ನೇ ತೆಗೆದೆ. ತೆಗೆದದ್ದನ್ನು ಪರದೆ ಒಂದೊಂದಾಗಿ ಹೇಳುತ್ತ ಬಂತು. ಇದರಲ್ಲಿ ಯಾವುದು ಅಂಚೆಯವರ ಪತ್ರದ್ದು, ಯಾವುದು ಆ ಅಣ್ಣ ತಂಗಿಯದು ಎಂದು ನನಗೆ ತಿಳಿಯುತ್ತಿರಲಿಲ್ಲ. ಇವತ್ತು ಸಂಜೆಯೂ ಅವರು ಹೊರಡುತ್ತಾರೆ, ಬಾಗಿಲಿಲ್ಲದ ಕಡೆಗೆ ನಡೆದು, ಸುಸ್ತಾದ ಮೇಲೆ ತಮ್ಮ ಮನೆಯ ಸಂಖ್ಯೆ ಹೇಳಿಕೊಂಡು ವಾಪಸಾಗುತ್ತಾರೆ. ಇಷ್ಟು ವರ್ಷ ಹಾಗೇ ನಡೆದಿತ್ತು. ನಿನ್ನೆ ಒಂದು ದಿನ ಎಲ್ಲಿಗೋ ತಲುಪಿದ್ದರು.

ಮಧ್ಯಾಹ್ನ ಸಾಹೇಬರ ಮೇಜಿನ ಮೇಲೆ ಒಂದು ಟಿಪ್ಪಣಿ ಇಟ್ಟೆ. ಬಳಕೆಯಲ್ಲಿಲ್ಲದ ನಾನ್ನೂರ ಹದಿನಾರು ಸಂಖ್ಯೆಗಳನ್ನು ಮುಂದಿನ ಆದೇಶದವರೆಗೆ ನನ್ನ ವಾಸದ ಬಾಗಿಲಿಗೆ ಸೇರಿಸಲು ಅನುಮತಿ ಕೋರಿ. ಇದು ಅವರಿಗಾಗಿಯೋ ನನಗಾಗಿಯೋ ಎಂದು ಯಾರಾದರೂ ಕೇಳಿದರೆ ಏನು ಹೇಳುವುದೆಂದು ಎರಡು ಗಂಟೆ ಯೋಚಿಸಿದ್ದೆ. ಯಾರೂ ಕೇಳಲಿಲ್ಲ. ಟಿಪ್ಪಣಿ ನಾಲ್ಕು ಗಂಟೆಗೆ ವಾಪಸು ಬಂದಾಗ ಮೂಲೆಯಲ್ಲಿ ‘ನೋಡಿದೆ’ ಎಂದು ಬರೆದು ಸಹಿ ಮಾಡಿದ್ದರು. ಆಗಲಿ ಎಂದಿರಲಿಲ್ಲ, ಬೇಡ ಎಂದೂ ಇರಲಿಲ್ಲ. ಎಲ್ಲವನ್ನೂ ನನ್ನ ಬಾಗಿಲಿಗೆ ಸೇರಿಸಿ ಹೊರಟೆ.

ಕೋಣೆಯಲ್ಲಿದ್ದುದು ಒಂದು ಕುರ್ಚಿ. ಬರುವಾಗ ಎರಡು ಚಾಪೆ, ಆರು ಲೋಟ ಕೊಂಡುತಂದೆ. ಬಾಗಿಲು ತೆರೆದಿಟ್ಟು, ಇದು ಮೂರ್ಖತನವೇನೋ ಎಂದುಕೊಳ್ಳುತ್ತ ಕೂತೆ. ಐದೂವರೆಗೆ ಮೊದಲನೆಯವರು ಬಂದರು. ದಪ್ಪ ಮಸೂರದ ಕನ್ನಡಕದ, ಐವತ್ತು ವರ್ಷದ ಹೆಂಗಸು, ನಾನು ಹಿಂದೆ ಕಂಡವರಲ್ಲ. ಹೊಸ್ತಿಲಲ್ಲಿ ನಿಂತು ಕುರ್ಚಿ, ಚಾಪೆ, ನನ್ನ ಮುಖ ಎಲ್ಲವನ್ನೂ ನೋಡಿದರು.

“ನೀವು ಹುಡುಕ್ತಿರೋ ಮನೆ ಇದಲ್ಲ. ಆದರೂ ಒಳಗೆ ಬನ್ನಿ” ಎಂದೆ.

ಬಂದು ಕೂತರು. ನೀರು ಕುಡಿದರು. ಹೆಸರು ಚಂಪಾವತಿ ಎಂದರು. ಕಿಟಕಿಯಿಂದ ಬರುವ ಬಿಸಿಲು ಚಾಪೆ ದಾಟಿ ಗೋಡೆ ಹತ್ತುವವರೆಗೆ ಇದ್ದರು. ಆಮೇಲೆ ಎದ್ದು ಸೆರಗು ಸರಿಮಾಡಿಕೊಂಡು ಬಾಗಿಲವರೆಗೆ ಹೋದವರು ತಿರುಗಿದರು.

“ನಾನು ಹೇಳ್ಕೊಂಡು ಬಂದದ್ದು ನಾನು ಹುಡುಕ್ತಿರೋರ ಮನೆ ನಂಬರು. ಅದನ್ನೇ ಹೇಳ್ಕೊಂಡು ಮತ್ತೆ ಇಲ್ಲಿಗೆ ಬಂದ್ರೆ ನಿಮ್ಮನ್ನ ನೋಡಿ ಮತ್ತೆ ಬೇಜಾರಾಗುತ್ತೆ, ತಪ್ಪು ತಿಳ್ಕೋಬೇಡಿ” ಎಂದರು. “ಈ ಬಾಗಿಲಿಗೆ ನಿಮ್ಮದೇ ಅಂತ ಒಂದಿರಬೇಕಲ್ಲ. ಅದು ಎಷ್ಟು?”

ನಾಲ್ಕೇ ಅಂಕಿ. ಎರಡನೆಯದಕ್ಕೆ ತಡವರಿಸಿ ನಿಂತೆ. ಕ್ಷಮಿಸಿ ಎಂದು, ಮತ್ತೆ ಮೊದಲಿನಿಂದ ಹೇಳಿದೆ.